ಏಳು ಬಾವಿಗಳ ಆಟ

ಅಜ್ಜಿಯ ಕತೆಗಳಲ್ಲಿ ಇರುವ ಹಾಗೆ, ಕಾಪುವಿನ ಕಡಲ ಬದಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಅವಳ ಟ್ರಂಕಿನೊಳಗೆ ಏಳು ಬಾವಿಗಳು, ಒಂದು ಮೊಸಳೆ, ಇಬ್ಬರು ದಾರಿಹೋಕರು ಇದ್ದರು. ಟ್ರಂಕಿಗೆ ಬೀಗ. ಬೀಗದ ಕೈ ಅವಳ ಕೊರಳಲ್ಲಿ.

ಹುಡುಗಿಯ ಹೆಸರು ನಳಿನಾಕ್ಷಿ. ಏಳು ಬಾವಿಗಳ ಆಟವನ್ನು ರಟ್ಟಿನ ಮೇಲೆ ಕಟ್ಟಿದವಳು ಅವಳೇ. ಹಿಂದೊಂದು ಆಟ ಕಟ್ಟಿದ್ದಾಗ, "ಎರಡು ದಿನ ನೋಡಿ ಕೊಡುತ್ತೇನೆ" ಎಂದು ಇಟ್ಟುಕೊಂಡ ಉಡುಪಿಯ ಅಂಗಡಿಯವನು ದೀಪಾವಳಿಗೆ ಅದನ್ನೇ ಬಣ್ಣದ ಡಬ್ಬದಲ್ಲಿ ಮಾರಿದ್ದ. ಹಾಗಾಗಿ ಈ ಸಲ, ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ, ಉಡುಪಿಯೂ ಬೇಡ, ಮಣಿಪಾಲವೂ ಬೇಡ ಎಂದು ಕಾರ್ಕಳದ ಪುಟ್ಟ ಪ್ರೆಸ್ಸಿಗೆ ಬಂದಳು. ಹನ್ನೆರಡು ನಿಯಮಗಳನ್ನು ಹನ್ನೆರಡು ಚೀಟಿಗಳಾಗಿ ಕತ್ತರಿಸಿ, ಹಿಂದುಮುಂದು ಮಾಡಿ, ಸೀಸದ ಅಚ್ಚುಮೊಳೆಗಳನ್ನು ಅಕ್ಷರ ಅಕ್ಷರವಾಗಿ ಜೋಡಿಸುವ ವಿಠಲನಿಗೆ ವಾರಕ್ಕೆರಡರಂತೆ ಕೊಟ್ಟಳು.

"ಇದನ್ನು ಓದಬಾರದು."

"ಓದದೆ ಮೊಳೆ ಜೋಡಿಸುವುದು ಹೇಗೆ ಮಾರಾಯ್ರೆ?"

"ಅಕ್ಷರ ಓದಿ. ಅರ್ಥ ಓದಬೇಡಿ."

ಅವನ ತುಟಿಯ ಒಂದು ತುದಿ ಮಾತ್ರ ನಕ್ಕಿತು. ಆ ನಗುವನ್ನು ನೋಡಬಾರದೆಂದು ಅವಳು ಕಿಟಕಿಯ ಕಡೆ ತಿರುಗಿದಳು. ಕಿಟಕಿಯ ಗಾಜಿನಲ್ಲೂ ಅವನೇ ಇದ್ದ.

"ಅಚ್ಚಾದ ಮೇಲೆ ನಿಮ್ಮೆದುರೇ ಮೊಳೆಗಳನ್ನೆಲ್ಲ ಬಿಚ್ಚಿ ಆಯಾ ಅಕ್ಷರದ ಗೂಡಿಗೆ ಹಾಕುತ್ತೇನೆ. ಮತ್ತೆ ಯಾರಿಗೂ ಒಂದು ಪ್ರತಿ ತೆಗೆಯಲಿಕ್ಕಾಗುವುದಿಲ್ಲ. ಸಾಕಾ?"

"ಮಾತು?"

"ಮಾತು."

ಆರನೆಯ ವಾರ ಪ್ರೂಫ್ ನೋಡಿದವಳ ಮುಖ ಕೆಂಪೇರಿತು. ಹಿಂದುಮುಂದಾಗಿದ್ದ ನಿಯಮಗಳು ಸರಿಯಾದ ಸಾಲಿನಲ್ಲಿ ನಿಂತಿದ್ದವು.

"ಅರ್ಥ ಓದಿದ್ದೀರಿ."

"ಆಡಿದ್ದೇನೆ," ಎಂದ ವಿಠಲ, ತಲೆ ತಗ್ಗಿಸದೆ. "ಊಟದ ಹೊತ್ತಿನಲ್ಲಿ, ಸವೆದ ಮೊಳೆಗಳನ್ನೇ ಕಾಯಿ ಮಾಡಿ. ಎರಡೂ ಕಡೆ ನಾನೇ. ಬೇರೆ ಯಾರಿಗೂ ತೋರಿಸಲಿಲ್ಲ. ಒಂದು ಸಂಶಯ ಉಂಟು. ಇಬ್ಬರೂ ಒಂದೇ ಬಾವಿಕಟ್ಟೆಗೆ ಬಂದರೆ ಎಂತ ಆಗ್ತದೆ?"

ನಳಿನಾಕ್ಷಿ ಪ್ರೂಫಿನ ಹನ್ನೆರಡು ನಿಯಮಗಳ ಮೇಲೂ ಬೆರಳಾಡಿಸಿದಳು; ಅದು ಎಲ್ಲೂ ಇರಲಿಲ್ಲ. ಯಾರಾದರೂ ಕದ್ದಾರೆಂದು ಎರಡು ವರ್ಷ ಚಿಲಕ ಹಾಕಿಕೊಂಡು ಅವಳೂ ಒಬ್ಬಳೇ ಆಡಿದ್ದಳು. ಅವಳ ದಾರಿಹೋಕರು ಒಬ್ಬರಿಗೊಬ್ಬರು ಎದುರಾಗುವ ಮೊದಲೇ ಅವಳ ಕೈ ಅವರನ್ನು ದೂರ ಸರಿಸುತ್ತಿತ್ತು.

"ಕಟ್ಟಿದವರಿಗೇ ಗೊತ್ತಿಲ್ವಾ?"

"ಕಟ್ಟಿದವಳೇ ಗೊತ್ತು ಮಾಡಿಕೊಳ್ಳುತ್ತಾಳೆ. ಕೂತುಕೊಳ್ಳಿ."

ಮೊದಲ ಬಾರಿಗೆ ಇನ್ನೊಬ್ಬರ ಕಣ್ಣೆದುರು ಅವಳು, ಪ್ರೂಫಿಗೆ ಹೋಲಿಸಲೆಂದು ಚೀಲದಲ್ಲಿ ತಂದಿದ್ದ ಆ ರಟ್ಟನ್ನು ಬಿಚ್ಚಿದಳು. ನಾಲ್ಕನೆಯ ಬಾವಿಯ ಬಳಿ ಇಬ್ಬರ ಕಾಯಿಗಳೂ ಬಂದು ನಿಂತವು. ಮಸಿ ಹತ್ತಿದ ಅವನ ಬೆರಳು ಅವಳ ಬೆರಳಿಗೆ ಒಂದು ಅಕ್ಷರದಷ್ಟು ದೂರದಲ್ಲಿತ್ತು.

"ನೀವು ಮುಂದೆ ಹೋಗಿ," ಎಂದ ವಿಠಲ.

"ನೀವು ಬಿಟ್ಟುಕೊಟ್ಟರೆ ನಾನು ಗೆದ್ದ ಹಾಗಾಯಿತಾ?"

"ಹಾಗಾದರೆ ಇಬ್ಬರೂ ಇಲ್ಲೇ ಇರುವ."

"ಮೊಸಳೆ?"

"ಇಬ್ಬರನ್ನು ಒಟ್ಟಿಗೆ ಎಳೆಯುವಷ್ಟು ಧೈರ್ಯ ಅದಕ್ಕೆ ಉಂಟಾ?"

ಅವಳು ನಕ್ಕಳು; ಪೆನ್ನು ತೆಗೆದು ಹದಿಮೂರನೆಯ ನಿಯಮ ಬರೆದಳು. ಒಂದೇ ಕಟ್ಟೆಯಲ್ಲಿ ಇಬ್ಬರು ನಿಂತರೆ ಮೊಸಳೆ ಹಿಂದೆ ಸರಿಯಬೇಕು.

"ಇದರ ಕೆಳಗೆ ನಿಮ್ಮ ಹೆಸರು ಹಾಕಿ," ಎಂದಳು. "ಬೇರೆಯವರ ಬುದ್ಧಿ ಕದಿಯುವವಳಲ್ಲ ನಾನು."

ಮುನ್ನೂರು ಪ್ರತಿ ಅಚ್ಚಾದ ದಿನ ಪ್ರೆಸ್ಸಿನ ಯಜಮಾನ ಓಸ್ವಾಲ್ಡರು ಒಳಗೆ ಬಂದರು. "ವಿಠಲ, ಮೊಳೆ ಬಿಚ್ಚಬೇಡ. ಉಡುಪಿಯ ಅಂಗಡಿಯವರಿಗೆ ಒಂದು ಪ್ರೂಫ್ ತೋರಿಸಿದ್ದೆ. ಸಾವಿರ ಬೇಕಂತೆ. ಹೆಸರುಗಳನ್ನು ಮಾತ್ರ ತೆಗೆ."

ಯಾವ ಅಂಗಡಿ ಎಂದು ನಳಿನಾಕ್ಷಿ ಕೇಳಬೇಕಾಗಿರಲಿಲ್ಲ. "ಸಾವಿರ ಬೇಕಾದವರು ಕಾಪುವಿಗೆ ಬಂದು ನನ್ನನ್ನು ಕೇಳಲಿ," ಎಂದಳು. "ಕೊಡುವುದೋ ಬಿಡುವುದೋ ನಾನು ಹೇಳುತ್ತೇನೆ."

"ಪ್ರೆಸ್ಸು ನನ್ನದಮ್ಮ."

"ಆಟ ನನ್ನದು."

ಓಸ್ವಾಲ್ಡರು ವಿಠಲನನ್ನು ನೋಡಿದರು. ಅವನು ಆಗಲೇ ಮೊಳೆಗಳ ಸುತ್ತಲಿನ ದಾರ ಬಿಚ್ಚುತ್ತಿದ್ದ.

"ನಾಳೆಯಿಂದ ಬರಬೇಡ ನೀನು."

"ಆಯ್ತು. ಇವತ್ತಿನದ್ದು ಮುಗಿಸಿ ಹೋಗುತ್ತೇನೆ."

ಅವರು ಗೊಣಗುತ್ತಾ ಹೊರನಡೆದರು. ಅವನು ಗೂಡು ತೋರಿಸಿದ, ಅವಳು ಅಕ್ಷರ ಹಾಕಿದಳು. ಬಾವಿ ಎಂಬ ಪದ ಬಿಚ್ಚಿತು, ಮೊಸಳೆಯೂ ಬಿಚ್ಚಿತು. ಇಬ್ಬರ ಕೈಗಳೂ ಕಪ್ಪಾದವು.

"ನಾಳೆ ಎಲ್ಲಿಗೆ ಹೋಗುತ್ತೀರಿ?"

"ಕಾಪುವಿಗೆ. ನಿಮ್ಮ ಅಪ್ಪನ ಹತ್ತಿರ ಒಂದು ವಿಷಯ ಕೇಳಲಿಕ್ಕುಂಟು."

"ಅಪ್ಪನನ್ನು ಆಮೇಲೆ ಕೇಳಿ. ಮೊದಲು ನನ್ನನ್ನು."

ವಿಠಲ ಕೇಳಿದ. ಆ ಮಾತು ಎಷ್ಟು ಮೆಲ್ಲಗಿತ್ತೆಂದರೆ ಕದಿಯಲು ಬಂದವನಿಗೂ ಕೇಳಿಸುತ್ತಿರಲಿಲ್ಲ.

"ಹೂಂ," ಎನ್ನುತ್ತಾ ನಳಿನಾಕ್ಷಿ ಕೊನೆಯ ಮೊಳೆಯನ್ನು ಅದರ ಗೂಡಿಗೆ ಹಾಕಿದಳು.