ಹುಳ ತಿಂದ ಮೆಟ್ಟಿಲು

ಪ್ರತಿ ಭಾನುವಾರ ಇಗರ್ಜಿಯ ಪೂಜೆ ಮುಗಿಸಿಕೊಂಡು ಅರ್ಗೀರಿಸ್ ಮಾವ ಬರುತ್ತಿದ್ದ. ಪ್ರತಿ ಭಾನುವಾರ ಕನೆಲ್ಲಾಳ ಅಣ್ಣ ಹೊಸದಾಗಿ ಸಾಯುತ್ತಿದ್ದ.

ಅಮ್ಮ ಕೇಳುವುದು ಒಂದೇ ಪ್ರಶ್ನೆ, ನನ್ನ ಲಿಯಾಕೋಸ್ ಎಲ್ಲಿ. ವಾರವಿಡೀ ಕನೆಲ್ಲಾ ಕೊಡುವುದು ಒಂದೇ ಉತ್ತರ. ಹಡಗಿನಲ್ಲಿದ್ದಾನೆ, ಗಾಳಿ ತಿರುಗಿದರೆ ಬರುತ್ತಾನೆ. ಅಮ್ಮ ತಲೆಯಾಡಿಸಿ, ಒಣರೊಟ್ಟಿಯನ್ನು ಎಣ್ಣೆಯಲ್ಲಿ ಅದ್ದಿ ತಿನ್ನುತ್ತಿದ್ದಳು. ಭಾನುವಾರ ಮಾವ ಬಂದು ಅಕ್ಕನ ಕೈ ಹಿಡಿದು ನಿಜ ಹೇಳುತ್ತಿದ್ದ.

"ಅವನು ಮುಳುಗಿ ಹೋದ ಅಕ್ಕ. ಎಷ್ಟೋ ವರ್ಷ ಆಯ್ತು. ನೀನೇ ಹಾಡಿ ಅತ್ತೆಯಲ್ಲ, ಊರಿಗೆ ಊರೇ ನಿಂತು ಕೇಳಿತ್ತು."

ಅಮ್ಮ ಕೆನ್ನೆ ಪರಚಿಕೊಳ್ಳುತ್ತಿದ್ದಳು. ಯಾಕೆ ಅಳುತ್ತಿದ್ದೇನೆ ಎಂಬುದು ಸೋಮವಾರಕ್ಕೆ ಮರೆತುಹೋಗುತ್ತಿತ್ತು. ಅಳು ಮಾತ್ರ ಬುಧವಾರದವರೆಗೂ ಉಳಿಯುತ್ತಿತ್ತು. ಅಷ್ಟು ದಿನ ಒಂದು ತುತ್ತೂ ಒಳಗೆ ಹೋಗುತ್ತಿರಲಿಲ್ಲ. ಆಲಿವ್ ಕೊಯ್ಲಿನವರೆಗೆ ಇದ್ದರೆ ಹೆಚ್ಚು, ಇರುವಷ್ಟು ದಿನ ನೆಮ್ಮದಿಯಾಗಿರಲಿ ಎಂದು ಡಾಕ್ಟರು ಹೇಳಿದ್ದರು.

ಮಾವ ಕೆಟ್ಟವನಾಗಿದ್ದರೆ ಸುಲಭವಿತ್ತು. ಅಕ್ಕನಿಗೆಂದು ಎಳ್ಳಿನ ಮಿಠಾಯಿ ತರುತ್ತಿದ್ದ, ಅವಳ ಜೊತೆ ತಾನೂ ಅಳುತ್ತಿದ್ದ. ಕನೆಲ್ಲಾ ಒಮ್ಮೆ ಬೇಡಿಕೊಂಡಳು, ಇನ್ನೊಮ್ಮೆ ಜಗಳವಾಡಿದಳು.

"ದೇವರ ಮುಂದೆ ಹೋಗೋ ಹೆಂಗಸಿಗೆ ಸುಳ್ಳು ತುಂಬಿ ಕಳಿಸ್ತೀಯಾ?" ಎಂದ ಮಾವ. "ನೀನು ಹೆತ್ತಿದ್ರೆ ಗೊತ್ತಾಗ್ತಿತ್ತು, ಮಗನಿಗೋಸ್ಕರ ಅಳೋದು ತಾಯಿಯ ಹಕ್ಕು ಅಂತ."

"ಬಾಗಿಲು ಹಾಕ್ಕೋತೀನಿ ಮಾವ."

"ಹಾಕ್ಕೋ. ನಮ್ಮಪ್ಪ ಕೂರಿಸಿದ ಬಾಗಿಲು. ನಿನಗಿಂತ ಮೊದಲಿಂದ ನನ್ನ ಗುರುತು ಅದಕ್ಕೆ."

ಅದು ನಿಜ. ಮಾನಿ ಸೀಮೆಯ ಕಲ್ಲುಗೋಪುರದ ಆ ಮನೆ ಅಮ್ಮ, ಮಾವ ಇಬ್ಬರೂ ಹುಟ್ಟಿದ ಮನೆ. ಅಮ್ಮ ವಿಧವೆಯಾಗಿ ಮಕ್ಕಳೊಂದಿಗೆ ಹಿಂದಿರುಗಿದ್ದಳು. ಮಾವ ಕಡಲ ದಂಡೆಯಲ್ಲಿ ಬೇರೆ ಮನೆ ಕಟ್ಟಿಕೊಂಡಿದ್ದ. ಆದರೆ ವಂಶದ ದೇವಮಾತೆಯ ಪಟ ಗೋಪುರದ ಅಟ್ಟದಲ್ಲೇ ಇತ್ತು. ಅದರ ಮುಂದೆ ದೀಪ ಹಚ್ಚುವುದು ಮನೆಯ ಗಂಡಸಿನ ಕೆಲಸ. ಅಕ್ಕನನ್ನು ಅಳಿಸಿ ಮುಗಿಸಿದ ಮೇಲೆ ಮಾವ ಒಂದು ಕೈಯಲ್ಲಿ ಎಣ್ಣೆಯ ಸೀಸೆ ಹಿಡಿದು, ಇನ್ನೊಂದು ಕೈಯಲ್ಲಿ ಏಣಿ ಹಿಡಿದು ಅಟ್ಟದ ಕಿಂಡಿಗೆ ಹತ್ತುತ್ತಿದ್ದ. ಕೆಳಗೆ ಬರೀ ಕಲ್ಲು.

ಕನೆಲ್ಲಾ ಅವಸರಪಡಲಿಲ್ಲ. ವಿಷವಾದರೆ ಅದನ್ನು ಯಾರೋ ಮಾರಿರುತ್ತಾರೆ. ಗರಗಸದ ಗುರುತು ಮರದಲ್ಲಿ ಉಳಿಯುತ್ತದೆ. ಕತ್ತೆಯ ಕೊಟ್ಟಿಗೆಯಲ್ಲಿ ಅದೇ ಅಳತೆಯ ಹಳೆಯ ಏಣಿಯೊಂದು ಬಿದ್ದಿತ್ತು, ಒಳಗೆಲ್ಲ ಹುಳ ತಿಂದದ್ದು. ಅದರ ಒಂದು ಮೆಟ್ಟಿಲನ್ನು ಬಿಡಿಸಿ, ಅಟ್ಟದ ಏಣಿಯ ಮೇಲ್ತುದಿಗೆ ಕೂರಿಸಬೇಕು. ಅದೇ ತುಕ್ಕು ಹಿಡಿದ ಮೊಳೆ, ಅದೇ ತೂತು. ಮೇಲೆ ಒಂದಿಷ್ಟು ಮಸಿ. ತೆಗೆದ ಗಟ್ಟಿ ಮೆಟ್ಟಿಲು ರೊಟ್ಟಿಯ ಒಲೆಗೆ. ಆಮೇಲೆ ಯಾರು ಬಂದು ನೋಡಿದರೂ ಸಿಗುವ ಅಪರಾಧಿ ಹುಳವೊಂದೇ.

ಇದನ್ನೆಲ್ಲ ಅವಳು ಅಮ್ಮನಿಗೆ ಹೇಳುತ್ತಿದ್ದಳು. ಸಂಜೆ ತಲೆ ಬಾಚುವಾಗ ಒಮ್ಮೆ ತಾನಾಗಿಯೇ ಬಾಯಿಗೆ ಬಂದುಬಿಟ್ಟಿತು. ಅಮ್ಮನ ಭುಜ ಸಡಿಲವಾದದ್ದು ಬೆರಳಿಗೆ ತಿಳಿಯಿತು. ಆಮೇಲೆ ಅಮ್ಮನೇ "ಹೇಳು" ಎನ್ನತೊಡಗಿದಳು. ಕನೆಲ್ಲಾ ಹೇಳುತ್ತಿದ್ದಳು, ಕತ್ತೆ ಕೊಟ್ಟಿಗೆಯಿಂದ ಹುಳ ತಿಂದ ಮೆಟ್ಟಿಲು ಬರುತ್ತದೆ, ಗಟ್ಟಿ ಮೆಟ್ಟಿಲು ಒಲೆಗೆ ಹೋಗುತ್ತದೆ, ನಿನಗೆ ರೊಟ್ಟಿ ಬೇಯುತ್ತದೆ, ತಮ್ಮ ದೀಪ ಹಚ್ಚಲು ಹತ್ತುತ್ತಾನೆ. ಒಂದು ಮಾತು ಹಿಂದೆಮುಂದೆ ಆದರೂ ಅಮ್ಮ ಮುಖ ಗಂಟಿಕ್ಕುತ್ತಿದ್ದಳು. ಹಾಗಾಗಿ ದಿನವೂ ಅದೇ ಮಾತು, ಅದೇ ಕ್ರಮ. ಲೋಕದಲ್ಲಿ ಇದಕ್ಕಿಂತ ಭದ್ರವಾದ ಕಿವಿ ಇರಲಿಲ್ಲ. ಜರಡಿಗೆ ಸುರಿದ ನೀರು. ಆದರೂ ಒಮ್ಮೆ ಪರೀಕ್ಷಿಸಿದಳು. ಬಾಚಣಿಗೆ ಕೆಳಗಿಟ್ಟು, "ಈಗ ನಾನೇನು ಹೇಳಿದೆ ಅಮ್ಮ?" ಎಂದಳು.

ಅಮ್ಮ ಅವಳನ್ನೇ ನೋಡಿದಳು. "ನನ್ನ ಲಿಯಾಕೋಸ್ ಎಲ್ಲಿ?"

ಮುಂದಿನ ಶನಿವಾರ ಕನೆಲ್ಲಾ ಮೆಟ್ಟಿಲು ಬದಲಾಯಿಸಿದಳು. ಭಾನುವಾರ ಮಾವ ಬಂದ, ನಿಜ ಹೇಳಿದ, ಅಮ್ಮನನ್ನು ಅಳಿಸಿದ, ಎಣ್ಣೆಯ ಸೀಸೆ ಹಿಡಿದು ಹತ್ತಿದ. ಸದ್ದು ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಪೊಲೀಸಿನವನು ಬಂದು ಮುರಿದ ಮೆಟ್ಟಿಲನ್ನು ಬೆರಳಲ್ಲಿ ಹಿಸುಕಿದ. ಹಿಟ್ಟು ಉದುರಿತು. ಈ ವಯಸ್ಸಿನಲ್ಲಿ ಅಜ್ಜನಿಗೆ ಏಣಿ ಯಾಕೆ ಬೇಕಿತ್ತು ಎಂದು ಮರುಗಿ, ಕೊಟ್ಟ ಕಾಫಿ ಕುಡಿದು ಹೋದ. ಆ ಸಂಜೆಯೂ ಕನೆಲ್ಲಾ ಅಮ್ಮನ ತಲೆ ಬಾಚುತ್ತ ಅದನ್ನೇ ಹೇಳಿದಳು, ಆಗಿಹೋದ ಕತೆಯಂತೆ.

ಮರುದಿನ, ಹುಟ್ಟಿದ ಮನೆಯಿಂದಲೇ ಹೊರಡಲಿ ಎಂದು ಹೆಂಗಸರು ಹೆಣವನ್ನು ಗೋಪುರದ ನಡುಮನೆಯಲ್ಲೇ ಮಲಗಿಸಿದರು. ಅಮ್ಮನನ್ನು ಒಳಕೋಣೆಯಲ್ಲಿಟ್ಟು ಕಿಟಕಿ ಮುಚ್ಚಬೇಕೆಂದು ಕನೆಲ್ಲಾ ಯೋಚಿಸಿದ್ದಳು. ನೆರೆಮನೆಯ ಪೊತೀತ್ಸಾ ಬಿಡಲಿಲ್ಲ.

"ತಮ್ಮನ ತಲೆಯ ಹತ್ರ ಅಕ್ಕ ಕೂರದಿದ್ರೆ ಊರು ನಮ್ಮ ಮುಖಕ್ಕೆ ಉಗಿಯುತ್ತೆ ಕಣೇ. ಹಾಡೋದೇನೂ ಬೇಡ, ಪಾಪ. ಸುಮ್ನೆ ಕೂತಿರ್ಲಿ."

ಕನೆಲ್ಲಾ ಲೆಕ್ಕ ಹಾಕಿದಳು. ಇದೊಂದು ಅಳು ಬುಧವಾರಕ್ಕೆ ಮುಗಿಯುತ್ತದೆ. ಇನ್ನು ಮೇಲೆ ಭಾನುವಾರಗಳಿಲ್ಲ. ಒಪ್ಪಿದಳು. ತಾನೇ ಅಮ್ಮನ ತಲೆಗೆ ಕಪ್ಪು ವಸ್ತ್ರ ಕಟ್ಟಿ ಕರೆತಂದು ಕೂರಿಸಿದಳು.

ಹೆಂಗಸರು ಒಬ್ಬರಾದ ಮೇಲೊಬ್ಬರು ಹಾಡಿ ಅತ್ತರು. ಅಕ್ಕನ ಸರದಿ ಬಂದಾಗ ಮರ್ಯಾದೆಗೆಂದು ಸ್ವಲ್ಪ ಹೊತ್ತು ಸುಮ್ಮನಾದರು. ಆಗ ಅಮ್ಮನ ಅಂಗೈ ಮೊಣಕಾಲಿನ ಮೇಲೆ ತಾಳ ಹಾಕತೊಡಗಿತು. ಆ ತಾಳ ಕೇಳಿದ ಮೇಲೆಯೇ ಕನೆಲ್ಲಾಳಿಗೆ ಅದು ಹೊಳೆದದ್ದು. ಮಾನಿಯ ಹೆಂಗಸು ಸತ್ತವನಿಗಾಗಿ ಬರೀ ಅಳುವುದಿಲ್ಲ, ಅವನು ಹೇಗೆ ಸತ್ತ ಎಂದು ಹಾಡುತ್ತಾಳೆ. ಅಕ್ಷರ ಬಾರದ ಅಮ್ಮ ಹಾಡಿದ ಒಂದೊಂದು ಸಾವೂ ಯಾರದೋ ಒಲೆಯ ಮುಂದೆ, ಅದೇ ಮಾತು ಅದೇ ಕ್ರಮದಲ್ಲಿ, ಕೇಳಿ ಕೇಳಿ ಕಲಿತದ್ದೇ ಆಗಿತ್ತು. "ಕತ್ತೆ ಕೊಟ್ಟಿಗೆಯಿಂದ ಹುಳ ತಿಂದ ಮೆಟ್ಟಿಲು ಬಂತೋ ತಮ್ಮಾ," ಎಂದು ಅಮ್ಮ ಎತ್ತಿಕೊಂಡಳು. ಧ್ವನಿ ಒಂದಿಷ್ಟೂ ನಡುಗಲಿಲ್ಲ. ರೂಢಿಯಂತೆ ಹೆಂಗಸರು ಆ ಸಾಲನ್ನು ತಿರುಗಿ ಹಾಡಿದರು. "ಗಟ್ಟಿ ಮೆಟ್ಟಿಲು ಒಲೆಗೆ ಹೋಯಿತೋ, ನನಗದು ರೊಟ್ಟಿಯಾಯಿತೋ ತಮ್ಮಾ." ಅದನ್ನೂ ಹಾಡಿದರು, ಕೊನೆಗೆ ಬರುವಷ್ಟರಲ್ಲಿ ಕೆಲವರು ನಿಲ್ಲಿಸಿದ್ದರು. "ದೀಪ ಹಚ್ಚಲು ಹತ್ತಿದೆಯೋ. ನನ್ನ ತಲೆ ಬಾಚುತ್ತ ಮಗಳು ಎಲ್ಲ ಹೇಳಿದಳೋ." ಇದನ್ನು ಯಾರೂ ತಿರುಗಿ ಹಾಡಲಿಲ್ಲ. ಬಾಗಿಲ ಬಳಿ ಗಂಡಸರ ನಡುವೆ ನಿಂತಿದ್ದ ಪೊಲೀಸಿನವನು ಕಾಫಿಯ ಬಟ್ಟಲನ್ನು ನಿಧಾನವಾಗಿ ಕಿಟಕಿಯ ಕಟ್ಟೆಯ ಮೇಲಿಟ್ಟ. ಅಮ್ಮನ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ತಲೆ ಬಾಚಿಸಿಕೊಳ್ಳುವಾಗಿನ ಅದೇ ನೆಮ್ಮದಿಯ ಮುಖ ಎತ್ತಿ, ಮುಂದಿನದನ್ನು ಹೇಳು ಎಂಬಂತೆ ಅವಳು ಮಗಳನ್ನು ನೋಡಿದಳು.