ವೆಂಡೆಲ್ ಅಜ್ಜನ ಕುರ್ಚಿ

ಒಹಾಯೊದ ನಮ್ಮೂರ ಗ್ರಂಥಾಲಯದಲ್ಲಿ ಶನಿವಾರ ಮಧ್ಯಾಹ್ನ ಬೇಸ್‌ಬಾಲ್ ಚರಿತ್ರೆಯ ಕೂಟ ಸೇರುತ್ತದೆ. ಆಟದಲ್ಲಿ ಏಳನೇ ಸರದಿಗೆ ಪ್ರೇಕ್ಷಕರು ಎದ್ದು ಮೈಮುರಿಯುವಂತೆ, ಭಾಷಣದ ನಡುವೆ ನಾವೂ ಒಮ್ಮೆ ಎದ್ದು ಕೂರುತ್ತೇವೆ. ಹಿಂದಿನ ಸಾಲಿನಲ್ಲಿ ಹುರಿದ ಕಡಲೆಕಾಯಿ ಮೆಲ್ಲುತ್ತಿದ್ದ ಮಂಡಿನೋವಿನ ವೆಂಡೆಲ್ ಅಜ್ಜ ಯಾವಾಗಲೂ ಎಲ್ಲರೂ ಕೂತ ಮೇಲೆ ಕೊನೆಗೆ ಕೂರುತ್ತಿದ್ದರು. “ನಿನ್ನ ಭಾಷಣ ಕೇಳ್ದೆ ಸಾಯಲ್ಲ ಕಣೇ ಪುಕ್ಕಲಿ,” ಎಂದು ನನ್ನನ್ನು ರೇಗಿಸುತ್ತಿದ್ದವರು ಏಪ್ರಿಲ್‌ನಲ್ಲಿ ತೀರಿಕೊಂಡರು.

ಮೇ ತಿಂಗಳಲ್ಲಿ ಮೊದಲ ಸಲ ಭಾಷಣಕ್ಕೆ ನಿಂತೆ. ದನಿಯೇ ಹೊರಡಲಿಲ್ಲ.

“ಈಗ್ಲೇ ಎದ್ಬಿಡ್ರಪ್ಪಾ, ಹುಡುಗಿ ಉಸಿರಾಡ್ಲಿ!” ಎಂದರು ಅಧ್ಯಕ್ಷೆ ಅರ್ಲೀನ್.

ಎಲ್ಲರೂ ಎದ್ದರು, ಕೂತರು. ಆಮೇಲೆ ಹಿಂದಿನ ಸಾಲಿನ ಖಾಲಿ ಕುರ್ಚಿ ನಿಧಾನವಾಗಿ ಕಿರುಗುಟ್ಟಿತು. ಹುರಿದ ಕಡಲೆಕಾಯಿಯ ವಾಸನೆ ಬಂತು. ಯಾರೂ ತಿರುಗಿ ನೋಡಲಿಲ್ಲ. ನನಗೇಕೋ ಹೆದರಿಕೆಯೇ ಹೋಯಿತು, ಕೊನೆಯವರೆಗೂ ಮಾತಾಡಿದೆ.

ಕುರ್ಚಿಗಳನ್ನು ಮಡಿಸುವಾಗ ಅದನ್ನು ಮುಟ್ಟಿದೆ. ಬೆಚ್ಚಗಿತ್ತು.

“ಅದೊಂದು ಇರ್ಲಿ ಬಿಡೇ,” ಎಂದರು ಅರ್ಲೀನ್. “ಅವ್ರು ಇನ್ನೂ ಎದ್ದಿಲ್ಲ.”