ಏಳನೇ ಪುಟದ ಸಹಿ

ಹೊಳಲ್ಕೆರೆಯ ಟೈಲರಿಂಗ್ ಅಂಗಡಿಯ ಮುಂದೆ ಬೀರೇಶನ ಬೈಕು ನಿಂತಾಗ ಅನುಸೂಯಳ ಕಣ್ಣು ಬಿದ್ದದ್ದು ಅವನ ಮೇಲಲ್ಲ, ಅವನ ಹೆಗಲ ಮೇಲಿದ್ದ ಕೈಯ ಮೇಲೆ. ಬೆಳ್ಳಗಿನ ಕೈ, ಅದಕ್ಕೊಂದು ಸ್ಮಾರ್ಟ್ ವಾಚು. ಬೈಕು ನಿಂತ ಮೇಲೂ ಆ ಕೈಗೆ ಇಳಿಯುವ ಅವಸರವಿರಲಿಲ್ಲ. ಅನುಸೂಯ ಮಷಿನ್ನಿನ ಪೆಡಲ್ ಜೋರಾಗಿ ತುಳಿದಳು. ಸೂಜಿ ಪಟಕ್ಕನೆ ಮುರಿಯಿತು.

ಕೈಯ ಒಡತಿ ಮೋನಿಕಾ, ಬೆಂಗಳೂರಿನ ಟ್ರಸ್ಟೊಂದರವಳು. ಮನೆಮಠ ಇಲ್ಲದ ಮಾಜಿ ಸೈನಿಕರಿಗಾಗಿ ಅನುಸೂಯ, ಬೀರೇಶ್ ಸೇರಿ ಕಟ್ಟಿದ ಪುಟ್ಟ ಸಂಘಕ್ಕೆ ಗ್ರ್ಯಾಂಟ್ ಕೊಡಬಹುದೇ ಎಂದು ನೋಡಲು ಬಂದಿದ್ದಳು. ಸಿಕ್ಕರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಾಲ್ಕೂ ಕಡೆ ಒಂದೊಂದು ದಿನದ ಶಿಬಿರ. ಬಿಸಿನೀರಿನ ಸ್ನಾನ, ಕ್ಷೌರ, ಡಾಕ್ಟರು, ಹೊಸ ಅಂಗಿ, ಊರವರ ಜೊತೆ ಕೂತು ಊಟ, ಪಿಂಚಣಿ ಕಾಗದ ಸರಿ ಮಾಡಿಸಲು ಒಂದು ಟೇಬಲ್ಲು. ಅಂಗಿ ಹೊಲಿಯುವವಳು ಅನುಸೂಯ, ಅಧ್ಯಕ್ಷೆಯೂ ಅವಳೇ. ಹದಿನೇಳು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರನಾಗಿ ಭರಮಸಾಗರಕ್ಕೆ ಮರಳಿದ ಬೀರೇಶ್ ಖಜಾಂಚಿ.

"ಟೈಲರಮ್ನೋರೇ, ಒಂಚೂರು ನೀರು ಕೊಡ್ರಿ," ಎಂದ ಬೀರೇಶ್, ಹೆಲ್ಮೆಟ್ ತೆಗೆಯುತ್ತ. "ಹೊಸದುರ್ಗ ಬಸ್ ಸ್ಟ್ಯಾಂಡ್‌ನಾಗೆ ಮಲಗೋ ಮೂರು ಜನ ಸೈನಿಕರ್ನ ನೋಡ್ಕಂಡು ಬಂದ್ವಿ. ಮೇಡಂಗೆ ಬಿಸ್ಲು ಹೊಡದೈತೆ."

"ಮೇಡಂಗೆ ಮಾತ್ರ ಹೊಡೀತೇನು? ನಿಮ್ಮ ಮುಖ ನೋಡಿದ್ರೆ ಬೆಳದಿಂಗಳಾಗೆ ತಿರುಗಾಡಿ ಬಂದಂಗೈತೆ."

ಬೀರೇಶ್ ನಕ್ಕ. ನಕ್ಕಾಗ ಅವನ ಎಡಗೆನ್ನೆಯಲ್ಲಿ ಮಾತ್ರ ಒಂದು ಗುಳಿ ಬೀಳುತ್ತಿತ್ತು. ಎರಡು ವರ್ಷದಿಂದ ಆ ಗುಳಿಗಾಗಿಯೇ ಅವಳು ಮಾತಿಗೆ ಖಾರ ಹಚ್ಚುತ್ತ ಬಂದಿದ್ದಳು. ಅವನಿಗೆ ಅದು ಗೊತ್ತಿತ್ತೋ ಇಲ್ಲವೋ, ಗೊತ್ತಿದ್ದರೂ ಆ ಮನುಷ್ಯ ಬಾಯಿ ಬಿಡುವ ಪೈಕಿಯವನಲ್ಲ. ಇವತ್ತು ಆ ನಗುವಿನಲ್ಲಿ ಮೋನಿಕಾಗೂ ಪಾಲು ಸಿಕ್ಕಿತು. ಅನುಸೂಯ ಸರ್ರನೆ ಎದ್ದು ನೀರಿಗೆ ಒಳಗೆ ಹೋದಳು.

ನೀರು ತಂದಾಗ ಇಬ್ಬರೂ ಬೇವಿನ ಮರದ ಕೆಳಗೆ ಅರ್ಜಿ ಫಾರಂ ಹಿಡಿದು, ತಲೆಗೆ ತಲೆ ಹಚ್ಚಿ ನಿಂತಿದ್ದರು.

"ಇದನ್ನ ಅವ್ರಿಗೆ ಹೇಳ್ಬ್ಯಾಡ್ರಿ ಮೇಡಂ, ಈಗ್ಲೇ ಬ್ಯಾಡ," ಎನ್ನುತ್ತಿದ್ದ ಬೀರೇಶ್. ಅವಳನ್ನು ಕಂಡದ್ದೇ ಬಾಯಿ ಮುಚ್ಚಿದ. ಮೋನಿಕಾ ಮಾತ್ರ ಅನುಸೂಯಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮುಗುಳ್ನಕ್ಕಳು.

"ಏನದು ಗುಟ್ಟು, ಹವಾಲ್ದಾರ್ರೇ?"

"ಏನಿಲ್ಲ. ಒಂದು ಡೌಟು. ಪರ್ಸನಲ್ಲು." ಅವನ ಕಿವಿ ಕೆಂಪಾಗಿತ್ತು. "ಮೇಡಂಗೆ ಊಟ ಮಾಡಿಸ್ಬೇಕು. ನೀವೂ ಬರ್ರಿ."

"ನಂಗೆ ಕೆಲ್ಸ ಐತೆ. ನೀವು ಹೋಗ್ರಿ, ಮೇಡಂನ ಚೆನ್ನಾಗಿ ನೋಡ್ಕಳ್ರಿ."

ಅವನು ಫಾರಂ ಟೇಬಲ್ಲಿನ ಮೇಲಿಟ್ಟ. "ಸಹಿ ಹಾಕಿಟ್ಟಿರ್ರಿ. ಐದು ಗಂಟೆ ಬಸ್ಸಿಗೆ ಮೇಡಂ ಹೊರಡ್ತಾರೆ. ಇವತ್ತು ಕೊಡ್ಲಿಲ್ಲ ಅಂದ್ರೆ ಇನ್ನು ಮುಂದಿನ ವರ್ಷನೇ."

ಬೈಕು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ನೋಡಿದಳು. ಆ ಕೈ ಮತ್ತೆ ಹೆಗಲೇರಿತ್ತು. ಫಾರಂ ಎತ್ತಿ ಕತ್ತರಿಸಿದ ಬಟ್ಟೆಯ ರಾಶಿಯ ಕೆಳಗೆ ತುರುಕಿದಳು. ಹಾಳಾಗಿ ಹೋಗಲಿ, ಅವಳಿಂದಲೇ ಸಹಿ ಹಾಕಿಸಿಕೊಳ್ಳಲಿ.

"ತಾಯಿ," ಎಂದರು ಹೊರಗಿನ ಬೆಂಚಿನಿಂದ ಗೋವಿಂದಯ್ಯ. ಎಪ್ಪತ್ತರ ಮಾಜಿ ಸೈನಿಕ. ಹಗಲು ಅವಳ ಅಂಗಡಿಯ ಬೆಂಚು, ರಾತ್ರಿ ಬಸ್ ಸ್ಟ್ಯಾಂಡು, ಆಸ್ತಿ ಎಂದರೆ ಕಾಲ ಬಳಿಯ ಹಸಿರು ಟ್ರಂಕು. "ಹಿರಿಯೂರು ಶಿಬಿರ ಯಾವಾಗ ತಾಯಿ? ನನ್ನ ಜೊತಿಗಿದ್ದೋನೊಬ್ಬ ಅಲ್ಲಿ ಬ್ರಿಜ್ಜಿನ ಕೆಳಗೆ ಮಲಗ್ತಾನೆ. ಬಿಸಿನೀರು ಕಂಡು ವರ್ಷ ಆತಂತೆ."

ಅನುಸೂಯಳ ಕೈ ನಿಂತಿತು. ಅವಳ ಅಪ್ಪ ಗಂಗಾಧರಪ್ಪನೂ ಸೈನ್ಯದವನೇ. ಕುಡಿತಕ್ಕೆ ಬಿದ್ದು ಮನೆ ಬಿಟ್ಟವನನ್ನು ನಾಲ್ಕು ವರ್ಷ ಹುಡುಕಿದ್ದಳು. ಸಿಕ್ಕಿದ್ದು ಆಸ್ಪತ್ರೆಯಲ್ಲಿ ಸತ್ತವರ ರಿಜಿಸ್ಟರಿನ ಒಂದು ಸಾಲು. ವಿಳಾಸ ಎಂಬಲ್ಲಿ ಬರೆದಿದ್ದರು: ಬಸ್ ಸ್ಟ್ಯಾಂಡ್, ಹಿರಿಯೂರು. ಆ ಸಾಲಿಗಾಗಿ ಅವಳು ಈ ಸಂಘ ಕಟ್ಟಿದ್ದು. ಇವತ್ತು ಯಾವಳದೋ ಕೈ ನೋಡಿ ಅದನ್ನೇ ಬಟ್ಟೆಚೂರಿನ ಕೆಳಗೆ ತುರುಕಿದ್ದಳು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಫಾರಂ ಎಳೆದು ಆರು ಪುಟಕ್ಕೆ ಸರಸರ ಸಹಿ ಹಾಕಿದಳು. ಏಳನೆಯದರಲ್ಲಿ ಖಜಾಂಚಿಯ ಜಾಗ ಖಾಲಿ. ಅದಕ್ಕೆ ಪಿನ್ ಹಾಕಿದ್ದ ಇನ್ನೊಂದು ಹಾಳೆಯಲ್ಲಿ ಬೀರೇಶನ ದುಂಡು ಅಕ್ಷರ: ಸ್ವಂತ ಕಾರಣದಿಂದ ಖಜಾಂಚಿ ಸ್ಥಾನಕ್ಕೆ ರಾಜೀನಾಮೆ ನೀಡುತ್ತಿದ್ದೇನೆ.

ಸ್ವಂತ ಕಾರಣ. ಆ ಕಾರಣ ಈಗ ಹೋಟೆಲಿನಲ್ಲಿ ಅವನ ಎದುರು ಕೂತು ಅನ್ನ ಸಾರು ಕಲಸುತ್ತಿರಬೇಕು. ಅನುಸೂಯ ಅಂಗಡಿಯ ಬಾಗಿಲನ್ನೂ ಎಳೆಯದೆ ಹೋಟೆಲಿನತ್ತ ಹೊರಟಳು. ಏನೋ ಅನಾಹುತವೆಂದು ಗೋವಿಂದಯ್ಯನೂ ಟ್ರಂಕು ಹಿಡಿದು ಹಿಂದೆ ನಡೆದರು.

"ಬೆಂಗಳೂರಿಗೆ ಹೋಗೋರು ಹೇಳಿ ಹೋಗ್ರಿ," ಎಂದು ಫಾರಂ ಅವನ ಎಲೆಯ ಪಕ್ಕ ಇಟ್ಟಳು. "ನಾನು ಹೊಟ್ಟೆಕಿಚ್ಚಿನೋಳೇ. ಬೆಳಗ್ಗಿಂದ ಸುಡ್ತಾ ಐದೀನಿ. ಎರಡು ವರ್ಷ ನಿಮ್ಮ ಮುಖನೇ ನೋಡ್ಕಂಡು ಕುಂತಿದ್ದೆ, ಅದು ನನ್ನ ತಪ್ಪು."

ಬೀರೇಶ್ ಮೇಲಧಿಕಾರಿಯ ಮುಂದೆ ಎದ್ದಂತೆ ಎದ್ದು ನಿಂತ. ಬಾಯಲ್ಲಿ ತುತ್ತಿತ್ತು.

"ಅಕ್ಕ," ಎಂದಳು ಮೋನಿಕಾ, "ಏಳನೇ ಪುಟದಲ್ಲಿ ಸಹಿಯ ಮೇಲಿನ ಸಾಲು ಓದಿದ್ರಾ?"

ಓದಿರಲಿಲ್ಲ. ಈಗ ಓದಿದಳು: ಅಧ್ಯಕ್ಷರು ಮತ್ತು ಖಜಾಂಚಿ ಪರಸ್ಪರ ಸಂಬಂಧಿಕರಲ್ಲ, ಅನುದಾನದ ಅವಧಿಯಲ್ಲಿ ಸಂಬಂಧಿಕರಾಗುವುದೂ ಇಲ್ಲ.

"ಹೊಸದುರ್ಗಕ್ಕೆ ಹೋಗ್ತಾ ಬರ್ತಾ ಇವರದ್ದು ಒಂದೇ ಪ್ರಶ್ನೆ. ಖಜಾಂಚಿ ಅಧ್ಯಕ್ಷೆನ ಮದುವೆ ಆದ್ರೆ ಗ್ರ್ಯಾಂಟ್ ತಪ್ಪುತ್ತಾ ಅಂತ. ತಪ್ಪುತ್ತೆ, ಖಜಾಂಚಿನ ಬದಲಾಯಿಸಿ ಅಂದೆ. ಅಲ್ಲೇ ಕೂತು ರಾಜೀನಾಮೆ ಬರೆದ್ರು."

ಅನುಸೂಯ ಅವನತ್ತ ತಿರುಗಿದಳು. ಅವನು ತುತ್ತು ನುಂಗಿದ.

"ಸೈನ್ಯದಾಗೆ ಹಂಗೇ ಅಭ್ಯಾಸ. ಮೊದ್ಲು ಮೇಲಿನೋರ ಪರ್ಮಿಷನ್ನು, ಆಮ್ಯಾಲೆ ಹೆಜ್ಜೆ. ಮೇಡಂನ ಕೇಳ್ದೆ. ನಮ್ಮವ್ವನ್ನೂ ಕೇಳಿದೀನಿ."

"ಮತ್ತೆ ನನ್ನ?"

"ನಿಮ್ಮನ್ನ ಕೊನೇಗೆ ಅಂತ ಇಟ್ಕಂಡಿದ್ದೆ. ಭಯ ಆಗಿತ್ತು. ಆ ಹಾಳೆ ತೆಗೆದಿಟ್ಕಳಾದೂ ಮರ್ತೆ."

"ಮದುವೆ ಆಗೋಳೊಬ್ಬಳ್ನ ಬಿಟ್ಟು ಊರೆಲ್ಲ ಕೇಳ್ಕಂಡು ಬಂದೀರಿ. ನಾನು ಒಲ್ಲೆ ಅಂದ್ರೆ?"

"ಖಜಾಂಚಿ ಕೆಲ್ಸನೂ ಹೋತು, ನೀವೂ ಹೋದ್ರಿ," ಎಂದ ಬೀರೇಶ್, ಅಳುವ ದನಿಯಲ್ಲಿ.

ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣೀರೂ ಬಂತು. "ಖಜಾಂಚಿ ಕೆಲ್ಸ ರೇಣುಕಮ್ಮ ಟೀಚರ್ ಮಾಡ್ತಾರೆ," ಎಂದಳು. "ನೀವು ಶಿಬಿರಕ್ಕೆ ನೀರು ಕಾಯ್ಸ್ರಿ. ಒಲ್ಲೆ ಅಂತ ನಾನೇನೂ ಅಂದಿಲ್ಲ."

ಏಳನೇ ಪುಟಕ್ಕೆ ಅನುಸೂಯ ಸಹಿ ಹಾಕಿದಳು. ಸಂಘದ ಸದಸ್ಯೆ ರೇಣುಕಮ್ಮ ಪಕ್ಕದ ಬೀದಿಯಿಂದ ಬಂದು ಖಜಾಂಚಿಯ ಜಾಗದಲ್ಲಿ ಸಹಿ ಹಾಕಿದರು. ಇನ್ನು ಸಾಕ್ಷಿಯ ಸಹಿ. ಗೋವಿಂದಯ್ಯ ಟ್ರಂಕು ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ ಹೆಸರು ಬರೆದರು, ತಮ್ಮ ಸೈನ್ಯದ ನಂಬರನ್ನು ನೋಡದೇ ಬರೆದರು. ಮುಂದಿನ ಕಾಲಮಿಗೆ ಬಂದಾಗ ಪೆನ್ನು ನಿಂತಿತು.

"ವಿಳಾಸ ಅಂತ ಕೇಳೈತೆ. ಏನ್ ಬರೀಲಿ ತಾಯಿ?"

ಅನುಸೂಯ ಪೆನ್ನು ತೆಗೆದುಕೊಂಡು ತಾನೇ ಬರೆದಳು: ಗಂಗಾಧರಪ್ಪನವರ ಮನೆ, ಹೊಳಲ್ಕೆರೆ.

"ನಮ್ಮನ್ಯಾಗೆ ಮುಂದಿನ ರೂಮು ಖಾಲಿ ಬಿದ್ದೈತೆ. ಇವತ್ತೇ ಬರ್ರಿ ಅಜ್ಜ."

ಗೋವಿಂದಯ್ಯ ಆ ಸಾಲನ್ನು ಎರಡು ಸಲ ಓದಿದರು. ಬೀರೇಶ್ ಮೆಲ್ಲಗೆ ಕೇಳಿದ, "ಆ ವಿಳಾಸದಾಗೆ ಇನ್ನೊಬ್ಬರಿಗೆ ಜಾಗ ಐತಾ?"

"ಈಗ ಸರಿಯಾದೋರ್ನ ಕೇಳಿದ್ರಿ," ಎಂದಳು. "ಐತೆ."

ಐದರ ಬಸ್ಸು ಫಾರಂ ಮತ್ತು ಮೋನಿಕಾಳನ್ನು ಹೊತ್ತು ಹೊರಟಿತು. ರೇಣುಕಮ್ಮನ ಜೊತೆ ಟ್ರಂಕು ಹಿಡಿದ ಗೋವಿಂದಯ್ಯ ಮನೆಯ ಕಡೆ ನಡೆದರು. ಬೀರೇಶ್ ಬೈಕು ಸ್ಟಾರ್ಟ್ ಮಾಡಿದ. ಅನುಸೂಯ ಹತ್ತುವ ಮೊದಲು ಸೆರಗಿನಿಂದ ಅವನ ಹೆಗಲನ್ನು ಎರಡು ಸಲ ಚೆನ್ನಾಗಿ ಕೊಡವಿದಳು. ಆಮೇಲೆ ಅಲ್ಲಿ ತನ್ನ ಕೈ ಇಟ್ಟಳು.